ಕೀ ನೋಟ್ ಅಡ್ರೆಸ್

ವಾಜಿದಾ ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಶಿವಾಜಿನಗರದ ಅವಳ ಮನೆಯಿಂದ ದೊಡ್ಡ ರಸ್ತೆ ದಾಟದೆ ಹೋಗಬಹುದಾಗಿದ್ದ ಶಾಲೆ ಅದೊಂದೇ. ಭಾಷೆಯ ಮೇಲಿನ ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ. ತಂದೆ ಒಂದು ಉರ್ದು ಪತ್ರಿಕೆಯಲ್ಲಿ ಕಾತಿಬರಾಗಿದ್ದರು. ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಇಡೀ ಪುಟವನ್ನು ಲೇಖನಿಯಲ್ಲಿ ಅಂದವಾಗಿ ಬರೆದುಕೊಡುವುದು ಅವರ ಕೆಲಸ. ಅಕ್ಷರ ಸೊಟ್ಟಗಿದ್ದರೆ ಸುದ್ದಿಯೂ ಸುಳ್ಳೇ ಎಂದು ನಂಬಿದ್ದ ಮನುಷ್ಯ. ಮಗಳಿಗೆ ಬಿಟ್ಟುಹೋದದ್ದು ಈ ನಂಬಿಕೆಯೊಂದನ್ನೇ. ಅದರಿಂದ ಅವಳಿಗಾದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂಬುದು ಮುಂದೆ ತಿಳಿಯುತ್ತದೆ.

ಕನ್ನಡ ಟೈಪಿಂಗ್ ಸೀನಿಯರ್ ಪರೀಕ್ಷೆಯನ್ನು ಅವಳು ಮೊದಲ ದರ್ಜೆಯಲ್ಲಿ ಮುಗಿಸಿದಳು. ಮದುವೆಯಾದ ಮೇಲೆ ರಸೆಲ್ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ, ಕರಾರುಪತ್ರ, ಬಾಡಿಗೆ ಚೀಟಿ ಹೊಡೆದುಕೊಡುತ್ತಿದ್ದಳು. ಗಂಡ ಗಯಾಜ್ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಹೆಂಡತಿಯ ಕೆಲಸದಲ್ಲಿ ತಲೆ ಹಾಕದಿರುವುದೇ ತಾನು ಮಾಡಬಹುದಾದ ದೊಡ್ಡ ಸಹಾಯ ಎಂದು ತಿಳಿದವನು. ಅಷ್ಟು ತಿಳಿದ ಗಂಡಸರೇ ಅಪರೂಪವಾದ್ದರಿಂದ ಅವನ ಬಗ್ಗೆ ಇನ್ನೇನೂ ಹೇಳಬೇಕಾಗಿಲ್ಲ.

ತೊಂಬತ್ತಮೂರರಲ್ಲಿ ವಾಜಿದಾ ಕಂಪ್ಯೂಟರ್ ಕೊಂಡಳು. ಅಂಗಡಿಗೆ ‘ವಾಜಿದಾ ಟೈಪ್‌ಸೆಟ್ಟರ್ಸ್’ ಎಂಬ ಬೋರ್ಡು ಬಂತು. ಇಂದಿರಾನಗರದ ಒಂದು ಕಂಪನಿ ಕನ್ನಡ ಅಕ್ಷರಗಳ ಸಾಫ್ಟ್‌ವೇರ್ ಮಾರುತ್ತಿತ್ತು. ಅದರ ಜೊತೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಕಪ್ಪು ತುಂಡನ್ನೂ ಕೊಡುತ್ತಿದ್ದರು. ಅದನ್ನು ಕಂಪ್ಯೂಟರಿನ ಹಿಂದುಗಡೆ, ಪ್ರಿಂಟರ್ ವೈರು ಸಿಕ್ಕಿಸುವ ಜಾಗದಲ್ಲಿ ಕೂರಿಸಬೇಕು. ಅದು ಅಲ್ಲಿದ್ದರೆ ಮಾತ್ರ ಕನ್ನಡ ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಕಳ್ಳ ಪ್ರತಿ ಮಾಡುವವರನ್ನು ತಡೆಯಲು ಮಾಡಿದ ಉಪಾಯ. ಡಿಟಿಪಿಯವರೆಲ್ಲ ಅದನ್ನು ‘ಲಾಕ್’ ಎನ್ನುತ್ತಿದ್ದರು. ಕಳ್ಳರು ಆರು ತಿಂಗಳಲ್ಲಿ ಲಾಕ್ ಇಲ್ಲದ ಪ್ರತಿಯನ್ನು ಎಸ್.ಪಿ. ರಸ್ತೆಯಲ್ಲಿ ಮಾರಲು ಶುರುಮಾಡಿದರು. ಬಂಧನದಲ್ಲಿ ಉಳಿದವರು ವಾಜಿದಾಳಂತೆ ಬಿಲ್ಲು ಪಡೆದು ಕೊಂಡ ಮರ್ಯಾದಸ್ಥರು.

ಎರಡು ಸಾವಿರದ ಇಸವಿಯ ಅಕ್ಟೋಬರಿನಲ್ಲಿ ಒಂದು ಸಂಜೆ ಗುಡುಗಿನ ಜೊತೆ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ಲಾಕ್ ಸುಟ್ಟುಹೋಗಿತ್ತು. ಇಂದಿರಾನಗರದ ವಿಳಾಸಕ್ಕೆ ಹೋಗಿ ನೋಡಿದರೆ ಕಂಪನಿ ಇದ್ದ ಜಾಗದಲ್ಲಿ ಗಾಜಿನ ಬಾಗಿಲಿನ ಕಾಫಿ ಅಂಗಡಿ. ಅಲ್ಲಿದ್ದವರಿಗೆ ತಮ್ಮ ಮುಂಚೆ ಆ ಜಾಗದಲ್ಲಿ ಏನಿತ್ತೆಂಬುದೂ ಗೊತ್ತಿರಲಿಲ್ಲ.

ಸಾಮಾನ್ಯ ಕಾಲದಲ್ಲಾಗಿದ್ದರೆ ಅವಳು ಬೇರೆ ಸಾಫ್ಟ್‌ವೇರ್ ತಂದು ಕೆಲಸ ಮುಂದುವರಿಸುತ್ತಿದ್ದಳು. ಆದರೆ ಒಳಗೆ ಹಕೀಮ ಇನಾಯತ್ ಉಲ್ಲಾರ ಪುಸ್ತಕ ಸಿಕ್ಕಿಕೊಂಡಿತ್ತು. ಒಂದು ಸಾಫ್ಟ್‌ವೇರಿನಲ್ಲಿ ಜೋಡಿಸಿದ್ದು ಇನ್ನೊಂದರಲ್ಲಿ ತೆರೆಯುವುದಿಲ್ಲ; ಲಾಕ್ ಇಟ್ಟು ಮಾಡಿದ ಫೈಲು ಎಸ್.ಪಿ. ರಸ್ತೆಯ ಕಳ್ಳ ಪ್ರತಿಯಲ್ಲೂ ತೆರೆಯುತ್ತಿರಲಿಲ್ಲ.

ಇನಾಯತ್ ಉಲ್ಲಾ ಯುನಾನಿ ವೈದ್ಯರು. ಎಂಬತ್ತರ ಹತ್ತಿರದ ವಯಸ್ಸು, ಜಗಳಗಂಟ. ತಮ್ಮ ಐವತ್ತು ವರ್ಷದ ಅನುಭವವನ್ನು ಕನ್ನಡದಲ್ಲಿ ನಾನೂರ ಹನ್ನೆರಡು ಪುಟ ಬರೆದಿದ್ದರು. ಕನ್ನಡದವರಿಗೆ ಉಪಕಾರವಾಗಲಿ ಎಂದು ಅವರು ಹೇಳುತ್ತಿದ್ದರು. ಉರ್ದುವಿನಲ್ಲಿ ಬರೆದರೆ ಬೇರೆ ಹಕೀಮರು ಓದಿ ತಪ್ಪು ಹಿಡಿಯುತ್ತಾರೆ ಎಂಬುದು ಗಲ್ಲಿಯವರ ಅಭಿಪ್ರಾಯ. ವಾಜಿದಾ ಎರಡು ವರ್ಷ ಕೂತು ಅದನ್ನು ಜೋಡಿಸಿದ್ದಳು. ಅವಳ ಅಂಗಡಿಯಲ್ಲಿ ಒಂದು ಪದ್ಧತಿ: ಗಿರಾಕಿ ಪ್ರೂಫ್ ನೋಡಿ ‘ಸರಿ’ ಎಂದು ರುಜು ಹಾಕಿದ ಮೇಲೆ ಹಸ್ತಪ್ರತಿಯೂ ಪ್ರೂಫೂ ರದ್ದಿಗೆ ಹೋಗುತ್ತಿದ್ದವು. ಎಂಟಡಿ ಅಂಗಡಿಯಲ್ಲಿ ಕಾಗದ ಕೂಡಿಡಲು ಜಾಗವಿಲ್ಲ. ಹಕೀಮರ ನೂರೆಪ್ಪತ್ತು ಪುಟ ಆಗಲೇ ಪ್ರೆಸ್ಸಿಗೆ ಹೋಗಿತ್ತು. ಉಳಿದ ಇನ್ನೂರ ನಲವತ್ತೆರಡು ಪುಟ ಇಡೀ ಲೋಕದಲ್ಲಿ ಇದ್ದದ್ದು ಆ ಕಂಪ್ಯೂಟರಿನೊಳಗೆ ಮಾತ್ರ. ರಂಜಾನ್ ಶುರುವಾಗುವ ಮುಂಚಿನ ಭಾನುವಾರ ಬಿಡುಗಡೆಗೆ ಶಾದಿಮಹಲ್ ಗೊತ್ತುಮಾಡಿ ಆಗಿತ್ತು.

‘ನಿಮ್ಮ ಕೆಲಸ ನನ್ನ ಹತ್ತಿರ ಇಲ್ಲ’ ಎಂಬ ಮಾತನ್ನು ಹದಿನೆಂಟು ವರ್ಷದಲ್ಲಿ ವಾಜಿದಾ ಯಾವ ಗಿರಾಕಿಗೂ ಹೇಳಿರಲಿಲ್ಲ. ಗಲ್ಲಿಯಲ್ಲಿ ಅವಳಿಗೆ ಇದ್ದ ಮಾನ ಅಷ್ಟೇ, ಮತ್ತು ಅವಳ ಮಟ್ಟಿಗೆ ಅದು ಸಾಕಷ್ಟು ದೊಡ್ಡದು. ಹಕೀಮರು ದಿನಾ ಬಂದು, “ಬೇಟಿ, ಕಿತಾಬು?” ಎನ್ನುತ್ತಿದ್ದರು. “ಆಗ್ತಾ ಇದೆ ಹಕೀಂ ಸಾಬ್” ಎಂದು ಅವಳು ಮಸಕು ಪರದೆಯನ್ನೇ ನೋಡುತ್ತಾ ಹೇಳುತ್ತಿದ್ದಳು.

ಇಂಥ ಸಮಯದಲ್ಲಿ ಅವಳ ಮೇಜಿನ ಮೇಲೆ ಎರಡು ಆಹ್ವಾನಗಳು ಬಂದು ಕೂತವು. ಎರಡೂ ಕಂಪ್ಯೂಟರಿನವರ ಸಮ್ಮೇಳನಗಳು, ಎರಡೂ ಭಾರತೀಯ ಭಾಷೆಗಳ ಬಗ್ಗೆ, ಎರಡೂ ನವೆಂಬರಿನ ಮೊದಲ ಶನಿವಾರ. ಬೆಂಗಳೂರಿನಲ್ಲಿ ಆ ವರ್ಷ ಮದುವೆಗಳಿಗಿಂತ ಇಂಥ ಸಮ್ಮೇಳನಗಳೇ ಹೆಚ್ಚಿದ್ದವು.

ಮೊದಲನೆಯದನ್ನು ತಂದವರು ಭಗವಂತರಾಯರು. ಸರ್ಕಾರಿ ಕಾರ್ಖಾನೆಯೊಂದರ ತರಬೇತಿ ವಿಭಾಗದಲ್ಲಿದ್ದು ನಿವೃತ್ತರಾದವರು. ಹಲಸೂರಿನಾಚೆ ನೌಕರರ ಕಾಲೋನಿಯಲ್ಲಿ ಮನೆ, ಕಾಲೋನಿಯ ಸಂಘದ ಕಾರ್ಯದರ್ಶಿ, ಸಂಘದ ವಾರ್ತಾಪತ್ರವನ್ನು ವಾಜಿದಾಳ ಹತ್ತಿರವೇ ಮಾಡಿಸುವುದು. ಕೆಲಸದಲ್ಲಿದ್ದಾಗ ಇಪ್ಪತ್ತೆರಡು ವರ್ಷ ಅವರು ಸಮ್ಮೇಳನಗಳಿಗೆ ಹೋಗಿಬರುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಮನೆಯಲ್ಲಿ ತರಕಾರಿ ತರಲು, ಸ್ಕೂಟರ್ ಒರೆಸುವ ಬಟ್ಟೆ ಇಡಲು, ಹಳೆ ಬೂಟು ತುಂಬಲು ಎಲ್ಲದಕ್ಕೂ ಸಮ್ಮೇಳನಗಳಲ್ಲಿ ಕೊಟ್ಟ ಚೀಲಗಳೇ. ಅಲ್ಲಿ ಏನು ಚರ್ಚೆಯಾಯಿತು ಎಂದು ಮಾತ್ರ ಅವರನ್ನು ಯಾರೂ ಕೇಳಬಾರದು.

“ನೋಡಿ ವಾಜಿದಮ್ಮ, ಮೊದಲನೇ ಸಲ ಹೋಗೋರು ಎಡವೋದೇ ಇಲ್ಲಿ,” ಎಂದು ರಾಯರು ಪಾಠ ಶುರುಮಾಡಿದರು. “ಕಾನ್ಫರೆನ್ಸ್ ಆರಿಸೋಕೆ ಒಂದು ಮೆಥಡ್ ಇದೆ. ಜಾಗ ಯಾವುದು? ಹೋಟೆಲ್. ಏಸಿ. ಉದ್ಘಾಟನೆ ಯಾರು? ಅಮೆರಿಕದಿಂದ ಬರ್ತಿದಾರೆ. ಊಟ? ಬಫೆ.”

“ನನ್ನ ಲಾಕ್ ಬಗ್ಗೆ ಹೇಳೋರು ಇರ್ತಾರಾ ಸಾರ್?”

“ಅಯ್ಯೋ, ಅಷ್ಟು ದೊಡ್ಡ ದೊಡ್ಡವರು ಬರ್ತಾರಂತೆ, ಒಂದು ಲಾಕ್ ಬಗ್ಗೆ ಗೊತ್ತಿರಲ್ವೇನಮ್ಮಾ? ನನ್ನ ಪಾಸಲ್ಲಿ ಇಬ್ಬರಿಗೆ ಪ್ರವೇಶ. ನಮ್ಮ ಮನೆಯವರಿಗೆ ಮಂಡಿನೋವು. ಅದಕ್ಕೇ ನಿಮ್ಮನ್ನ ಕೇಳಿದ್ದು.”

ಎರಡನೆಯದನ್ನು ತಂದವಳು ಅಕ್ಕನ ಮಗಳು ಮಹೀನ್. ಕೆ.ಆರ್. ಪುರದ ಕಡೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ, ಸದಾ ಅವಸರ. ಕಾಲೇಜಿನ ಗೋಡೆಗೆ ಅಂಟಿಸಿದ್ದನ್ನು ಕಿತ್ತು ತಂದಿದ್ದಳು, ಮೂಲೆಗಳಲ್ಲಿ ಅಂಟು ಹಾಗೇ ಇತ್ತು. ಹಳದಿ ಕಾಗದ. ಕನ್ನಡದಲ್ಲಿ ಸಾಫ್ಟ್‌ವೇರ್ ಬರೆಯುವವರ ಮತ್ತು ಬಳಸುವವರ ಸಭೆ; ಕಾಲೇಜಿನ ಕ್ಯಾಂಟೀನಿನ ಮೇಲಿನ ಕೋಣೆ; ಎಲ್ಲರಿಗೂ ಪ್ರವೇಶ; ಊಟದ ಬಗ್ಗೆ ಒಂದಕ್ಷರವೂ ಇಲ್ಲ.

“ಖಾಲಾ, ಇದಕ್ಕೇ ಹೋಗಿ. ಇವರು ಹಳೇ ಫೈಲ್ ಎಲ್ಲಾ ತೆಗೀತಾರಂತೆ, ಬರ್ದಿದಾರೆ ನೋಡಿ.”

ವಾಜಿದಾ ಕನ್ನಡಕ ಹಾಕಿಕೊಂಡು ನೋಡಿದಳು. ಬರೆದದ್ದು ನಿಜ. ‘ಹಳೆಯ ಕಡತಗಳ ಪರಿವತನೆ: ಪ್ರಾತ್ಯಕ್ಷಿಕೆ’ ಎಂದಿತ್ತು. ಅದರ ಕೆಳಗೆ ‘ಕಾಯಕ್ರಮದ ಮಾಗದಶಕರು’. ಅದರ ಕೆಳಗೆ ‘ಸವರಿಗೂ ಸ್ವಾಗತ’.

“ಇದೇನೇ ಇದು? ಒಂದು ಅರ್ಕಾವೊತ್ತೂ ಹಾಕಿಲ್ಲ.”

“ಹಾಂ?”

“ಪರಿವರ್ತನೆ. ಕಾರ್ಯಕ್ರಮ. ಮಾರ್ಗದರ್ಶಕರು. ಸರ್ವರಿಗೂ. ಇಡೀ ಕಾಗದದಲ್ಲಿ ಒಂದೇ ಒಂದು ಅರ್ಕಾವೊತ್ತಿಲ್ಲ. ಸಾಲು ಸೊಟ್ಟ. ಎರಡು ಥರದ ಅಕ್ಷರ. ಇಂಥೋರ ಕೈಗೆ ನನ್ನ ಫೈಲ್ ಕೊಡ್ಬೇಕಾ?”

“ಸ್ಪೆಲ್ಲಿಂಗ್ ಪರೀಕ್ಷೆಗೆ ಹೋಗ್ತಿದೀರಾ ಖಾಲಾ? ಫೈಲ್ ತೆಗೆಸೋಕೆ ತಾನೇ?”

“ಅಕ್ಷರ ಬರದೇ ಇರೋರು ಅಕ್ಷರ ಹೆಂಗೆ ತೆಗೀತಾರೆ? ನಕ್ಕೋ, ಬೇಡ. ಎತ್ತಿಡು ಅದನ್ನ.”

ಮಹೀನ್ ಹಣೆ ಚಚ್ಚಿಕೊಂಡು ಹೋದಳು. ಕಾತಿಬರ ಮಗಳು ಹೋಟೆಲಿನ ಆಹ್ವಾನವನ್ನು ಕೈಗೆತ್ತಿಕೊಂಡಳು. ದಪ್ಪ ಕಾಗದ, ಚಿನ್ನದ ಅಂಚು, ಅಂಚಿನಿಂದ ಅಂಚಿಗೆ ಅಳತೆ ಹಿಡಿದಂಥ ಸಾಲುಗಳು. ಎಲ್ಲವೂ ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷು ಮದುವೆ ಕಾಗದದ ಇಂಗ್ಲಿಷು. ಬಂಧುಮಿತ್ರರನ್ನು ಕರೆಯುವಷ್ಟು ಸಾಕು, ಇನ್ನೊಂದಕ್ಕೆ ಸಾಲದು. ಬೆರಳಿಟ್ಟು ಓದುತ್ತಾ ಹೋದವಳು ಹತ್ತೂವರೆ ಗಂಟೆಯ ಸಾಲಿಗೆ ಬಂದು ನಿಂತಳು. ಅಲ್ಲಿ ‘ಕೀ ನೋಟ್ ಅಡ್ರೆಸ್’ ಎಂದಿತ್ತು.

ಇದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಮಾತು. ಡಿಟಿಪಿ ಅಂಗಡಿಗಳಲ್ಲಿ ಪರದೆಯ ಪಕ್ಕ ಒಂದು ಚೀಟಿ ಅಂಟಿಸಿರುತ್ತಾರೆ: ಯಾವ ಕೀ ಒತ್ತಿದರೆ ಯಾವ ಅಕ್ಷರ, ಯಾವ ಒತ್ತು. ಒಂದೊಂದು ಸಾಫ್ಟ್‌ವೇರಿಗೂ ಒಂದೊಂದು. ಆ ಚೀಟಿಗೆ ಶಿವಾಜಿನಗರದಲ್ಲಿ ಎಲ್ಲರೂ ‘ಕೀ ನೋಟ್’ ಎನ್ನುತ್ತಿದ್ದರು. ಹೋಟೆಲಿನಲ್ಲಿ ಎಲ್ಲ ಸಾಫ್ಟ್‌ವೇರುಗಳ ಕೀ ನೋಟನ್ನೂ ಕೊಡುತ್ತಾರೆ, ಜೊತೆಗೆ ಅದನ್ನು ಮಾಡಿದವರ ಅಡ್ರೆಸ್ಸನ್ನೂ ಕೊಡುತ್ತಾರೆ. ಅವಳಿಗೆ ಬೇಕಾಗಿದ್ದುದು ಅವೆರಡೇ, ಅದರಲ್ಲೂ ಅಡ್ರೆಸ್. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಬರೆಯುತ್ತಾರೆ?

ಅದೇ ಸಾಲನ್ನು ಕನ್ನಡದಲ್ಲಿ ‘ಆಶಯ ಭಾಷಣ’ ಎಂದು ಅಚ್ಚುಹಾಕಿದ್ದರೆ ಅವಳು ಮೋಸಹೋಗುತ್ತಿರಲಿಲ್ಲ. ಆ ಪದವನ್ನು ನೂರಾರು ಕರಪತ್ರಗಳಲ್ಲಿ ಅವಳೇ ಜೋಡಿಸಿದ್ದಳು. ಅಲ್ಲಿ ಯಾರಿಗೂ ಏನೂ ಸಿಗುವುದಿಲ್ಲವೆಂದು ಬಲ್ಲವಳು.

ಶನಿವಾರ ಅಂಗಡಿಗೆ ಬೀಗ ಹಾಕಿ, ಕಂಪ್ಯೂಟರಿನಿಂದ ಹಕೀಮರ ಫೈಲುಗಳನ್ನು ಇಳಿಸಿಕೊಂಡಿದ್ದ ನಾಲ್ಕು ಫ್ಲಾಪಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಹೋಟೆಲು ಹಲಸೂರು ಕೆರೆಯ ಕಡೆಗೆ. ಬಾಗಿಲಲ್ಲಿ ರಾಯರು ಆಗಲೇ ಕೋಟು ಹಾಕಿಕೊಂಡು ನಿಂತಿದ್ದರು. ಮೇಜಿನ ಹಿಂದೆ ಕೂತಿದ್ದ ಹುಡುಗಿ ಇಂಗ್ಲಿಷಿನಲ್ಲಿ ಹೆಸರು ಕೇಳಿದಳು, ಕಂಪನಿ ಕೇಳಿದಳು, ಹುದ್ದೆ ಕೇಳಿದಳು. ಅದು ಭಾರತೀಯ ಭಾಷೆಗಳ ಸಮ್ಮೇಳನ. ಬಾಗಿಲಿನಿಂದ ವೇದಿಕೆಯವರೆಗೆ ಒಂದು ಭಾರತೀಯ ಭಾಷೆಯೂ ಕೇಳಿಸಲಿಲ್ಲ. ನೀರು ಕೊಡುವ ಮಾಣಿ ಇನ್ನೊಬ್ಬ ಮಾಣಿಯನ್ನು ತಮಿಳಿನಲ್ಲಿ ಬೈದದ್ದೊಂದು ಬಿಟ್ಟರೆ.

“ಹುದ್ದೆ ಏನು ಬರೀಲಿ ಸಾರ್?” ಎಂದು ವಾಜಿದಾ ರಾಯರನ್ನು ಕೇಳಿದಳು.

“ಪ್ರೊಪ್ರೈಟರ್ ಅಂತ ಬರೀರಿ. ಇಲ್ಲ, ಬೇಡ, ‘ಡೈರೆಕ್ಟರ್’ ಅನ್ನಿ. ಚೀಲ ಚೆನ್ನಾಗಿರೋದು ಕೊಡ್ತಾರೆ.”

ಅವಳು ‘ಟೈಪ್‌ಸೆಟ್ಟರ್’ ಎಂದು ಬರೆದಳು. ಅದಕ್ಕೆ ತೆಳು ಚೀಲವೇ ಬಂತು. ರಾಯರು ಅದರೊಳಗಿದ್ದ ಪೆನ್ನನ್ನು ತಿರುಗಿಸಿ ನೋಡಿ, “ನಿಮಗ್ಯಾಕಮ್ಮಾ ಇದು” ಎಂದು ಜೇಬಿಗಿಟ್ಟುಕೊಂಡರು.

ಹತ್ತೂವರೆ ಎಂದದ್ದು ಹನ್ನೊಂದೂಕಾಲಿಗೆ ಶುರುವಾಯಿತು. ಅಮೆರಿಕದಿಂದ ಬಂದವರು ವೇದಿಕೆ ಹತ್ತಿದರು. ವಾಜಿದಾ ಮೂರನೆಯ ಸಾಲಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಕೀಬೋರ್ಡಿನ ಮನೆಗಳನ್ನು ಮೊದಲೇ ಗೆರೆ ಎಳೆದು ಸಿದ್ಧಮಾಡಿಕೊಂಡಿದ್ದಳು, ಅಕ್ಷರ ತುಂಬುವುದೊಂದೇ ಬಾಕಿ. ಗೋಡೆಯ ಮೇಲೆ ಚಿತ್ರಗಳು ಬಂದವು: ಎತ್ತಿನ ಗಾಡಿಯ ಪಕ್ಕ ಕಂಪ್ಯೂಟರ್, ಪೇಟ ಸುತ್ತಿದ ಮುದುಕನ ಕೈಯಲ್ಲಿ ಫೋನು, ಸೀರೆ ಉಟ್ಟ ಹೆಂಗಸಿನ ನಗು. ಆ ಹೆಂಗಸಿಗೆ ಏಕೆ ನಗು ಬಂತೆಂದು ಆತ ಹೇಳಲಿಲ್ಲ. ತಮ್ಮ ಅಜ್ಜಿಯ ಬಗ್ಗೆ ಹೇಳಿದರು. ಅಜ್ಜಿಗೆ ಇಂಗ್ಲಿಷ್ ಬಾರದೆ ಇದ್ದುದು ತಮ್ಮ ಜೀವನದ ಪ್ರೇರಣೆ ಎಂದರು, ಇಂಗ್ಲಿಷಿನಲ್ಲಿ. ಮುಂದಿನ ಹತ್ತು ವರ್ಷದಲ್ಲಿ ರೈತ ಹೊಲದಲ್ಲೇ ನಿಂತು ತನ್ನ ಭಾಷೆಯಲ್ಲಿ ಪತ್ರ ಕಳಿಸುತ್ತಾನೆ ಎಂದರು. ಯಾರಿಗೆ, ಏನೆಂದು, ಯಾವ ಕೀ ಒತ್ತಿ ಎಂಬುದು ಬರಲಿಲ್ಲ. ಐವತ್ತು ನಿಮಿಷ ಹೀಗೇ ಹೋಯಿತು. ವಾಜಿದಾಳ ಮನೆಗಳಲ್ಲಿ ಒಂದಕ್ಷರವೂ ಬೀಳಲಿಲ್ಲ.

ಚಪ್ಪಾಳೆ ಮುಗಿದ ಮೇಲೆ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ವಾಜಿದಾ ಎದ್ದು ನಿಂತಳು. ಯಾರೋ ಮೈಕು ತಂದು ಕೊಟ್ಟರು. ಗಿರಾಕಿಯೊಂದಿಗೆ ಮಾತಾಡುವ ಹಾಗೆ, ಮರ್ಯಾದೆಯಿಂದಲೇ ಕೇಳಿದಳು:

“ಸಾರ್, ಕೀ ನೋಟ್ ಯಾವಾಗ ಶುರು ಮಾಡ್ತೀರಾ?”

ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಅವನಿಂದ ಪಕ್ಕದವನಿಗೆ, ಅಲ್ಲಿಂದ ಇಡೀ ಸಭೆಗೆ ನಗು ಹಬ್ಬಿತು. ಐವತ್ತು ನಿಮಿಷ ಆಕಳಿಕೆ ತಡೆದುಕೊಂಡು ಕೂತಿದ್ದವರೆಲ್ಲ ಈಗ ತಮಗೂ ಹಾಗೆಯೇ ಅನ್ನಿಸಿತ್ತು ಎಂಬಂತೆ ಮೇಜು ಕುಟ್ಟಿದರು. ಒಬ್ಬರಿಗಾದರೂ ಮೊದಲೇ ಬಾಯಿ ತೆರೆಯುವ ಧೈರ್ಯ ಇರಲಿಲ್ಲ ಎಂಬುದು ಬೇರೆ ಮಾತು. ಅಮೆರಿಕದವರಿಗೆ ಕನ್ನಡ ಅರ್ಥವಾಗಿತ್ತೆಂದು ಅವರ ಕಿವಿ ಕೆಂಪಾದದ್ದರಿಂದ ಗೊತ್ತಾಯಿತು. ಪತ್ರಿಕೆಯವರೊಬ್ಬರು ಓಡಿಬಂದು ವಾಜಿದಾಳ ಹೆಸರು ಬರೆದುಕೊಂಡರು.

“ಏನಮ್ಮಾ, ಮಾನ ತೆಗೆದ್ರಲ್ಲ!” ಎಂದು ರಾಯರು ಕೋಟಿನೊಳಗೆ ಮುದುಡಿಕೊಂಡರು. “ಅದೇ ಕೀನೋಟ್ ಕಣಮ್ಮಾ, ಇಷ್ಟೊತ್ತು ಅವರು ಮಾತಾಡಿದ್ದು!”

“ಬರೀ ಮಾತಾ?”

“ಮಾತೇ.”

“ಅಡ್ರೆಸ್?”

“ಅಡ್ರೆಸ್ ಅಂದ್ರೂ ಮಾತೇ!”

ವಾಜಿದಾ ನೋಟ್‌ಬುಕ್ಕು ಮುಚ್ಚಿದಳು. ನಕ್ಕವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ತನ್ನ ಮೇಲೆ ಬಂತು. ಚಿನ್ನದ ಅಂಚು ನೋಡಿ ಮಾಲು ಕೊಳ್ಳುವ ಗಿರಾಕಿಗಳನ್ನು ಅವಳು ಜೀವಮಾನವಿಡೀ ಮನಸ್ಸಿನಲ್ಲಿ ಹೀಯಾಳಿಸಿದವಳು.

ಹೊರಗೆ ಕಂಪನಿಗಳವರು ಸಾಲಾಗಿ ಮಳಿಗೆ ಹಾಕಿಕೊಂಡಿದ್ದರು. ಬಿಸ್ಕತ್ತಿನ ಡಬ್ಬಿ ಹಿಡಿದು ಒಂದೊಂದನ್ನೂ ಕೇಳುತ್ತಾ ಹೋದಳು. ಆರು ಕಡೆ ಬಣ್ಣದ ಕಾಗದ ಕೊಟ್ಟರು. ಏಳನೆಯದರಲ್ಲಿದ್ದ ಹುಡುಗಿ ಇನ್ನೂ ನಗುತ್ತಲೇ ಇದ್ದಳು.

“ಆಂಟಿ, ಸೂಪರಾಗಿ ಕೇಳಿದ್ರಿ! ಸರಿಯಾಗಿ ಇಳಿಸಿದ್ರಿ ಅವರನ್ನ.”

“ಇಳಿಸೋಕೆ ಕೇಳಿದ್ದಲ್ಲಮ್ಮಾ. ಈ ಸಾಫ್ಟ್‌ವೇರ್ ಮಾಡಿದವರು ಯಾರಾದ್ರೂ ಇಲ್ಲಿದಾರಾ?”

ಹುಡುಗಿ ಫ್ಲಾಪಿಯ ಮೇಲಿನ ಹೆಸರು ಓದಿ ತಲೆಯಾಡಿಸಿದಳು. “ಇದನ್ನ ಬರೆದವರು ಇಲ್ಲಿಗೆಲ್ಲ ಬರಲ್ಲ ಆಂಟಿ. ಇಲ್ಲಿ ಮಾರೋರು ಮಾತ್ರ ಬರೋದು. ಅವರದ್ದು ಇವತ್ತೇ ಇನ್ನೊಂದು ಮೀಟಿಂಗ್ ಇದೆ, ಕೆ.ಆರ್. ಪುರದಲ್ಲಿ, ಯಾವುದೋ ಕಾಲೇಜು. ಹಳದಿ ನೋಟೀಸ್ ಹಚ್ಚಿದ್ರಲ್ಲ?”

ಊಟದ ಕೋಣೆಯ ಬಾಗಿಲು ತೆರೆಯಿತು. ರಾಯರು ಎಲ್ಲರಿಗಿಂತ ಮುಂದೆ ತಟ್ಟೆ ಹಿಡಿದಿದ್ದರು. “ವಾಜಿದಮ್ಮಾ, ಊಟ! ಊಟ ಬಿಟ್ಟು ಎಲ್ಲಿಗೆ ಹೊರಟ್ರಿ?” ಎಂದು ಕೂಗಿದರು. ಊಟಕ್ಕೆ ಮುಂಚೆ ಸಮ್ಮೇಳನ ಬಿಟ್ಟು ಹೋಗುವವರನ್ನು ಅವರು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

ಹಳೆ ಮದ್ರಾಸು ರಸ್ತೆಯಲ್ಲಿ ಬಸ್ಸು ಟಿನ್ ಫ್ಯಾಕ್ಟರಿಯವರೆಗೆ ಸುಮಾರಾಗಿ ಹೋಯಿತು, ಆಮೇಲೆ ನಿಂತೇ ಬಿಟ್ಟಿತು. ವಾಜಿದಾ ಇಳಿದು ನಡೆದಳು. ಕಾಲೇಜಿನ ಕ್ಯಾಂಟೀನು ಹುಡುಕಿ ಮಹಡಿ ಹತ್ತುವಾಗ ಮೂರು ಗಂಟೆ. ಒಳಗೆ ಎಣಿಸಿದರೆ ಹದಿನೆಂಟು ಜನ. ಅವರಲ್ಲಿ ಐದು ಜನ ಕೀಬೋರ್ಡಿನಲ್ಲಿ ‘ಳ’ ಎಲ್ಲಿರಬೇಕೆಂಬ ಬಗ್ಗೆ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು. ಇಬ್ಬರು ಕಂಪ್ಯೂಟರಿಗೆ ಕನ್ನಡವನ್ನು ಮೊದಲು ತಂದದ್ದು ಯಾರು ಎಂಬ ಜಗಳದಲ್ಲಿದ್ದರು. ಹೋಟೆಲಿನವರಿಗೆ ಭಾಷೆ ಬೇಕಿರಲಿಲ್ಲ, ಇವರಿಗೆ ಭಾಷೆಯ ಹೊರತು ಯಾರೂ ಬೇಕಿರಲಿಲ್ಲ. ಹೊಸದಾಗಿ ಬಂದ ಹೆಂಗಸಿಗೆ ಕೂರಿ ಎಂದವರೂ ಇಲ್ಲ.

ಮೂಲೆಯಲ್ಲಿ ಒಬ್ಬ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಧೂಳು ಊದುತ್ತಾ ಕೂತಿದ್ದ. ನಲವತ್ತರ ಸುಮಾರು, ಕುಳ್ಳು, ಮಾಸಿದ ಸ್ವೆಟರು. ಮರ್ಫಿ ಟೌನಿನ ಚಿಕ್ಕಮುನಿಯಪ್ಪ. ಅವಳ ಡಬ್ಬಿಯೊಳಗಿನ ಫ್ಲಾಪಿಯನ್ನು ದೂರದಿಂದಲೇ ಗುರುತಿಸಿದ.

“ಇದು ನಮ್ಮದು. ಏನಾಯ್ತು, ಲಾಕ್ ಸುಟ್ಟೋಯ್ತಾ?”

“ಹೂಂ. ನಿಮ್ಮ ಕಂಪನಿ ಹುಡುಕ್ಕೊಂಡು ಹೋದೆ. ಕಾಫಿ ಅಂಗಡಿ ಆಗಿದೆ.”

“ಕಾಫಿ ಚೆನ್ನಾಗಿರುತ್ತಂತೆ,” ಎಂದ ಚಿಕ್ಕಮುನಿಯಪ್ಪ. “ನಾವಿದ್ದಾಗ ಅಷ್ಟೂ ಇರ್ಲಿಲ್ಲ. ಕೊಡಿ ಇತ್ತ. ಲಾಕ್ ಮಾಡಿದ್ದೇ ನಾವು, ತೆಗೆಯಾಕ್ ಬರಲ್ವಾ?”

ಅವಳು ಫ್ಲಾಪಿ ಕೊಟ್ಟಳು. ಯಂತ್ರ ಗುರುಗುರು ಎಂದಿತು. ಪರದೆಯ ಮೇಲೆ ಪುಟ ನೂರ ಎಪ್ಪತ್ತೊಂದು ಬಂತು. ವಾಜಿದಾ ಎರಡು ವಾರದಲ್ಲಿ ಮೊದಲ ಸಲ ಸರಿಯಾಗಿ ಉಸಿರುಬಿಟ್ಟು, ಬಗ್ಗಿ ಓದಿದಳು. ಮೊದಲ ಸಾಲಿನಲ್ಲೇ ನಿಂತಳು. ‘ಕಪೂರದ ಚೂಣವನ್ನು ಅಧ ತೊಲೆ’ ಎಂದಿತ್ತು.

“ಅರ್ಕಾವೊತ್ತು ಎಲ್ಲಿ?”

“ಅದೊಂದು ಬರಲ್ಲ ಮೇಡಂ.”

“ಬರಲ್ಲ ಅಂದ್ರೆ?”

“ಬಾಯಲ್ಲಿ ‘ರ್’ ಮೊದಲು ಹೇಳ್ತೀರ, ಆಮೇಲೆ ಅಕ್ಷರ. ಕೈಯಲ್ಲಿ ಅಕ್ಷರ ಮೊದಲು ಹೊಡೀತೀರ, ಅರ್ಕಾವೊತ್ತು ಆಮೇಲೆ. ಹೌದಾ? ನಾನು ಬರೆದಿರೋ ಪ್ರೋಗ್ರಾಮ್ ಇವೆರಡರ ಮಧ್ಯೆ ಸಿಕ್ಕಾಕ್ಕೊಂಡು ಅದನ್ನ ಎಸೆದ್ಬಿಡುತ್ತೆ. ಆರು ತಿಂಗಳಿಂದ ಒದ್ದಾಡ್ತಿದೀನಿ. ಬಾಕಿ ಎಲ್ಲ ಸರಿಯಾಗಿ ಬರುತ್ತೆ, ಬೇಕಾದ್ರೆ ನೋಡಿ.”

ವಾಜಿದಾ ನೋಡಿದಳು. ಬಾಕಿ ಎಲ್ಲ ಸರಿಯಾಗಿತ್ತು. ಆಮೇಲೆ ಕೇಳಿದಳು, “ಆ ಹಳದಿ ನೋಟೀಸೂ ಇದರಲ್ಲೇ ಮಾಡಿದ್ದಾ?”

“ಹೂಂ, ಹಳೇ ನೋಟೀಸಿತ್ತು, ಇದರಲ್ಲೇ ತೆಗೆದೆ. ಯಾಕೆ?”

“ಅದನ್ನ ನೋಡೇ ಬರೋದು ಬೇಡ ಅಂದ್ಕೊಂಡಿದ್ದೆ.”

“ಎಲ್ರೂ ಹಂಗೇ ಅಂದ್ಕೊಂಡಿದಾರೆ. ಅದಕ್ಕೇ ಹದಿನೆಂಟು ಜನ,” ಎಂದು ಅವನು ಎರಡನೆಯ ಫ್ಲಾಪಿಗೆ ಕೈಚಾಚಿದ. ಹೊಸ ಸಾಫ್ಟ್‌ವೇರಿನಲ್ಲಿ ತೆರೆಯುವಂತೆ ನಾಲ್ಕನ್ನೂ ಬದಲಿಸಿಕೊಟ್ಟ. ಧನ್ಯವಾದ ಹೇಳಿದರೆ, ತನ್ನ ಹಿಂದೆ ‘ಳ’ದ ಜಗಳ ಜೋರಾಗಿದ್ದರಿಂದ ಕೇಳಿಸಿಕೊಳ್ಳಲೇ ಇಲ್ಲ.

ಪ್ರೆಸ್ಸಿನವರಿಗೆ ಅಚ್ಚು ಮತ್ತು ಬೈಂಡಿಂಗಿಗೆ ಹತ್ತು ದಿನ ಬೇಕಿತ್ತು. ವಾಜಿದಾಳಿಗೆ ಉಳಿದದ್ದು ಹನ್ನೆರಡು ದಿನ. ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಇನ್ನೂರ ನಲವತ್ತೆರಡು ಪುಟಗಳಿಗೆ ಅರ್ಕಾವೊತ್ತು ಹಾಕುತ್ತಾ ಕೂತಳು. ಗಜ್ಜಿಯ ‘ಚಮ’ವನ್ನು ಚರ್ಮ ಮಾಡಿದಳು, ‘ಗಭಿಣಿ’ಯರನ್ನು ಗರ್ಭಿಣಿಯರನ್ನಾಗಿಸಿದಳು. ‘ಎಣ್ಣೆ ಹಚ್ಚಿ ಚೆನ್ನಾಗಿ ಮದಿಸಬೇಕು’ ಎಂದಿದ್ದಲ್ಲಿ ಒಂದು ಗಳಿಗೆ ನಿಂತು, ಮರ್ದಿಸಬೇಕು ಎಂದು ತಿದ್ದಿದಳು. ಕಣ್ಣು ತಪ್ಪಿದ್ದರೆ ಶಿವಾಜಿನಗರದ ರೋಗಿಗಳು ಏನು ಮಾಡಿಕೊಳ್ಳುತ್ತಿದ್ದರೋ.

ಟೈಪು ಮಾಡುವವರು ಓದುವು­ದಿಲ್ಲ. ಬೆರಳು ಓದುತ್ತದೆ, ತಲೆ ಎಲ್ಲೋ ಇರುತ್ತದೆ. ಎರಡು ವರ್ಷ ಜೋಡಿಸಿದ ಪುಸ್ತಕವನ್ನು ವಾಜಿದಾ ನಿಜವಾಗಿ ಓದಿದ್ದು ಈಗಲೇ. ಓದಿದಾಗ ಅದು ಎಂಥ ಪುಸ್ತಕವೆಂದು ತಿಳಿಯಿತು. ಒಂಬತ್ತನೆಯ ಅಧ್ಯಾಯದಲ್ಲಿ ಅಜೀರ್ಣಕ್ಕೆ ಕೊಟ್ಟ ಸೋಂಪಿನ ಅರ್ಕ್, ಹದಿನಾಲ್ಕರಲ್ಲಿ ಬೋಳುತಲೆಗೆ, ಇಪ್ಪತ್ತೊಂದರಲ್ಲಿ ಕೆಟ್ಟ ಕನಸಿಗೆ ಹಾಗೆಯೇ, ಅಳತೆಯೂ ಬದಲಾಗದೆ ಮತ್ತೆ ಬಂದಿತ್ತು. ಹಕೀಮರು ದಿನದ ಹಾಗೆ ಬಂದಾಗ ಕೇಳಿಯೇಬಿಟ್ಟಳು.

“ಹಕೀಂ ಸಾಬ್, ಮೂರು ಕಡೆ ಒಂದೇ ದವಾ ಬರ್ದಿದೀರಲ್ಲ?”

“ದವಾ ಒಂದೇ ಬೇಟಿ, ಮರ್ಜ್ ಬೇರೆ ಬೇರೆ,” ಎಂದರು ಹಕೀಮರು, ಬಹಳ ಗಂಭೀರವಾಗಿ. “ನಿನಗೆ ಅದೆಲ್ಲ ತಿಳಿಯಲ್ಲ. ನೀನು ಟೈಪ್ ಮಾಡು.”

ಅವಳು ಟೈಪ್ ಮಾಡಿದಳು. ಪುಸ್ತಕ ಕಳಪೆಯೆಂದು ಕೆಲಸ ಕಳಪೆ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಮೂರೂ ಅಧ್ಯಾಯಗಳ ಅರ್ಕ್‌ಗೆ ಮೂರು ಸಲವೂ ಅರ್ಕಾವೊತ್ತು ಹಾಕಿದಳು.

ಈ ಗಡಿಬಿಡಿಯಲ್ಲಿ ಭಗವಂತರಾಯರು ವಾರ್ತಾಪತ್ರದ ಬರಹ ಹಿಡಿದು ಬಂದರು. ಪತ್ರಿಕೆಯಲ್ಲಿ ವಾಜಿದಾಳ ಪ್ರಶ್ನೆ ಅಚ್ಚಾಗಿತ್ತು. ‘ದಿಟ್ಟ ಪ್ರಶ್ನೆ ಎತ್ತಿದ ಶಿವಾಜಿನಗರದ ಮಹಿಳೆ’ ಎಂದು ಹೊಗಳಿದ್ದರು. ಅದನ್ನು ಓದಿದ ಮೇಲೆ ರಾಯರ ಅವಮಾನವೆಲ್ಲ ಅಭಿಮಾನವಾಗಿ ತಿರುಗಿತ್ತು. ಸಮ್ಮೇಳನದಲ್ಲಿ ತಮ್ಮ ಮಾರ್ಗದರ್ಶನದಲ್ಲಿ ಸ್ಥಳೀಯ ಮಹಿಳೆಯೊಬ್ಬಳಿಂದ ಈ ಪ್ರಶ್ನೆ ಕೇಳಿಸಲಾಯಿತೆಂದೂ, ಪ್ರಶ್ನೆಯನ್ನು ತಾವೇ ಹಿಂದಿನ ದಿನ ರೂಪಿಸಿದ್ದಾಗಿಯೂ ಬರೆದಿದ್ದರು. ಕೊನೆಯ ಸಾಲು: ‘ಈ ಅವಕಾಶ ನೀಡಿದ ಆಯೋಜಕರಿಗೆ ನನ್ನ ಅನಂತ ಕೃತಘ್ನತೆಗಳು.’

“ಹೇಗಿದೆ?” ಎಂದರು ರಾಯರು.

“ನಿಮ್ಮ ಬರಹ ಸಾರ್, ನಾನೇನು ಹೇಳ್ಲಿ? ಇದ್ದದ್ದು ಇದ್ದ ಹಾಗೆ ಹಾಕ್ತೀನಿ.”

“ಒಂದಕ್ಷರ ಬದಲಾಯಿಸ್ಬಾರ್ದು ಮತ್ತೆ.”

“ಇಲ್ಲ ಸಾರ್.”

ಏಳು ವರ್ಷದಿಂದ ಪ್ರತಿ ತಿಂಗಳೂ ಅವಳು ರಾಯರ ಕೃತಘ್ನತೆಯನ್ನು ಯಾರಿಗೂ ಹೇಳದೆ ಕೃತಜ್ಞತೆ ಮಾಡಿಕೊಡುತ್ತಿದ್ದಳು. ಆ ತಿಂಗಳು ಮಾಡಲಿಲ್ಲ. ನೂರೈವತ್ತು ಪ್ರತಿಗಳು ಕಾಲೋನಿಯ ಮನೆಮನೆಗೂ ಹೋದವು. ಕನ್ನಡ ಮೇಷ್ಟ್ರೊಬ್ಬರು ಅದಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಸಂಘದ ಬೋರ್ಡಿಗೆ ಚುಚ್ಚಿದರಂತೆ.

ಹನ್ನೆರಡನೆಯ ದಿನ ಮಧ್ಯಾಹ್ನ ಕೊನೆಯ ಪುಟ ಪ್ರೆಸ್ಸಿಗೆ ಹೋಯಿತು. ಬಿಡುಗಡೆಯ ಹಿಂದಿನ ದಿನ ಐನೂರು ಪ್ರತಿಗಳು ಆಟೋದಲ್ಲಿ ಬಂದು ಅಂಗಡಿಯ ಮುಂದೆ ಇಳಿದವು. ನಡುವೆ ಏನಾಗಿತ್ತೆಂದು ವಾಜಿದಾ ಹಕೀಮರಿಗೆ ಹೇಳಲಿಲ್ಲ. ಹೇಳಿದರೆ ಕೆಲಸ ತಲುಪಿದ್ದಕ್ಕಿಂತ ಕಳೆದುಹೋಗಬಹುದಾಗಿತ್ತೆಂಬ ಮಾತೇ ಗಲ್ಲಿಯಲ್ಲಿ ಉಳಿಯುತ್ತಿತ್ತು.

ಹಕೀಮರು ಒಂದು ಪ್ರತಿ ಎತ್ತಿಕೊಂಡರು. ಒಳಗಿನ ನಾನೂರ ಹನ್ನೆರಡು ಪುಟಗಳಲ್ಲಿ ಒಂದನ್ನೂ ತೆರೆಯಲಿಲ್ಲ. ಹಿಂದಿನ ರಟ್ಟಿನ ಮೇಲಿದ್ದ ತಮ್ಮ ಫೋಟೋವನ್ನು ಬೆಳಕಿಗೆ ಹಿಡಿದು, ವಾಲಿಸಿ, ಮತ್ತೆ ಹಿಡಿದು ನೋಡಿದರು. ಮುಖ ಗಂಟಿಕ್ಕಿತು.

“ಬೇಟಿ, ಇದೇನು? ಮುಖ ಚೆನ್ನಾಗಿ ಬಂದಿಲ್ಲ.”

ವಾಜಿದಾ ಕಟ್ಟುಗಳನ್ನು ಎಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಪ್ರೆಸ್ಸಿನವರದ್ದೇನೂ ತಪ್ಪಿಲ್ಲ ಹಕೀಂ ಸಾಬ್,” ಎಂದಳು. “ಮುಖ ನಿಮ್ಮದೇ. ಇಲ್ಲಿ ರುಜು ಹಾಕಿ, ಐನೂರು ಪ್ರತಿ ತಲುಪಿತು ಅಂತ.”